ಹತ್ತು ಸಾವಿರ ಸುತ್ತು

ನನ್ನ ಕಸುಬು ಸುಟ್ಟ ಮೋಟರು.
ದುದ್ದ, ಶಾಂತಿಗ್ರಾಮದ ಆಲೂಗಡ್ಡೆ ಹೊಲಗಳಿಂದ
ಗೋಣಿಚೀಲ ಹೊದ್ದು ಬರುತ್ತವೆ,
ಕರಕಲು ವಾರ್ನಿಷಿನ ವಾಸನೆ ಸಮೇತ.
ಬಿಚ್ಚುತ್ತೇನೆ, ತಾಮ್ರ ತೂಗುತ್ತೇನೆ, ಮತ್ತೆ ಸುತ್ತುತ್ತೇನೆ.
ಪೆನ್ಷನ್ ಮೊಹಲ್ಲಾದಲ್ಲಿ ಯಾರನ್ನೇ ಕೇಳಿ,
ಇನಾಯತ್ ಸುತ್ತಿದ ಕಾಯಿಲು ಮೂರು ಬೇಸಿಗೆ ತಡೆಯುತ್ತೆ ಅಂತಾರೆ.
ನಾಲ್ಕನೆಯದರ ಬಗ್ಗೆ ಮಾತಿಲ್ಲ.

ಆ ಹುಡುಗಿ ತಂದದ್ದು ಗಿಟಾರು.
ತಣ್ಣೀರುಹಳ್ಳದ ಪ್ರೆಸಿಲ್ಲಾ. ಭಾನುವಾರ ಚರ್ಚಿನಲ್ಲಿ,
ಉಳಿದ ದಿನ ರಿಸೆಪ್ಶನ್ ಸ್ಟೇಜಿನಲ್ಲಿ ನುಡಿಸುವವಳು.
ಪೊಳ್ಳು ಹೊಟ್ಟೆ, ಪಿಟೀಲಿಗಿದ್ದಂತೆ ಎರಡು ಸೀಳು,
ಪಾಕ ಏರಿದ ಬೆಲ್ಲದ ಬಣ್ಣ.
"ಕತ್ತಿನ ಕಡೆ ಪಿಕಪ್ ಸತ್ತೋಗಿದೆ ಅಂಕಲ್.
ಬದಲಿಗೆ ಎರಡು ತರಿಸಿದೀನಿ, ಒಂದು ವಾಪಸ್ ಕಳಿಸ್ಬೇಕು.
ಯಾವುದು ಅಂತ ನೀವು ಹೇಳಿ."

ನನಗೇನು ಗೊತ್ತು ಗಿಟಾರು? ಮೀಟರಿನ ಮುಳ್ಳು ಗೊತ್ತು.
ಹಳೆಯದಕ್ಕೆ ಹಚ್ಚಿದೆ: ಅಲುಗಲಿಲ್ಲ.
ಒಳಗೆಲ್ಲೋ ಕೂದಲಿಗಿಂತ ಸಣ್ಣ ತಂತಿ
ಯಾರಿಗೂ ಹೇಳದೆ ತುಂಡಾಗಿದೆ.

ಬದಲಿಗಳಲ್ಲಿ ಒಂದು ಸೋಪಿನ ಬಿಲ್ಲೆಯಂತೆ, ಕೆನೆಬಣ್ಣ.
ಒಂಟಿ ಕಾಯಿಲು, ಹತ್ತು ಸಾವಿರ ಸುತ್ತು ಅಂದಳು.
ಹತ್ತು ಸಾವಿರ!
ಒಂದು ಸ್ಲಾಟಿಗೆ ನಲವತ್ತು ಸುತ್ತಿ ಬೆವರುವವನು ನಾನು.
ಇನ್ನೊಂದಕ್ಕೆ ಮಿರುಗುವ ಮುಚ್ಚಳ, ಒಳಗೆ ಜೋಡಿ,
ಒಂದಕ್ಕೊಂದು ತಿರುಗುಮುರುಗು.
ಹೊರಗಿನ ಗೊರಗೊರ ಎರಡರ ಮೇಲೂ ಬೀಳುತ್ತದೆ,
ಇದು ಹೌದು ಅಂದದ್ದನ್ನು ಅದು ಅಲ್ಲ ಅಂದು
ಅಲ್ಲಿಗೆ ಚುಕ್ತಾ.
ಇದು ಮಾತ್ರ ತಕ್ಷಣ ಅರ್ಥವಾಯಿತು.
ನಮ್ಮ ಮೊಹಲ್ಲಾ ಕಮಿಟಿ ನಡೆಯುವುದೂ ಹೀಗೇ.

ರಟ್ಟಿನ ತುಂಡು, ರಬ್ಬರ್ ಬ್ಯಾಂಡು.
ಒಂದೊಂದನ್ನೇ ತಂತಿಗಳ ಮೇಲೆ ಮಗುಚಿ ಕಟ್ಟಿ
ಅವಳ ಪುಟ್ಟ ಆಂಪ್ಲಿಫೈಯರಿಗೆ ಕೊಟ್ಟೆ.
ಜೋಡಿಯದು ದುಂಡು ದನಿ,
ಎಣ್ಣೆ ಹಚ್ಚಿ ತಲೆ ಬಾಚಿ ಕೂರಿಸಿದಂತೆ.
ಸೋಪಿನ ಬಿಲ್ಲೆಯಲ್ಲಿ ಉಗುರು ತಾಗಿದ್ದೂ ಕೇಳಿತು,
ತಂತಿಯ ತುಕ್ಕೂ ಕೇಳಿತು,
ಅದರ ಹಿಂದೆ ಗುಂಯ್ ಎಂದು ನಿಲ್ಲದ ಒಂದು ಶ್ರುತಿ.
"ಇದೇ ನೋಡಿ ಕಷ್ಟ. ಜನರೇಟರು, ಸೀರಿಯಲ್ ಸೆಟ್ಟು ಇದ್ರಂತೂ
ಮದುಮಗಳೂ ತಿರುಗಿ ನೋಡ್ತಾಳೆ."

ಕಷ್ಟ ಅಂದಳು. ಮೂವತ್ತೊಂದು ವರ್ಷ
ಈ ಗುಂಯ್ ಕೇಳಿಯೇ ನಾನು ಉಂಡದ್ದು.
ಸ್ವಿಚ್ಚು ಒತ್ತಿ, ಮೈಮೇಲೆ ಕೈಯಿಟ್ಟು, ಕಾದು,
ಮೋಟರು ಬದುಕಿತು ಅಂತ ಗೊತ್ತಾಗುವುದು ಇದರಿಂದಲೇ.
ನಾನು ಬಾಯಿ ಬಿಡಲಿಲ್ಲ.
ಇನ್ನೊಂದನ್ನೂ ಹೇಳಲಿಲ್ಲ:
ಜೋಡಿಯದರಲ್ಲೂ ನನಗದು ಕೇಳುತ್ತಲೇ ಇತ್ತು.
ಕೆಲಸದ ಹುಡುಗ ತಿಮ್ಮೇಶನನ್ನು ಕಣ್ಣಲ್ಲೇ ಕೇಳಿದೆ.
ಇಲ್ಲ ಎಂದು ತಲೆಯಾಡಿಸಿದ.

ಅಷ್ಟರಲ್ಲಿ ಕರೆಂಟು ಹೋಯಿತು.
ಪಕ್ಕದ ಹಿಟ್ಟಿನ ಗಿರಣಿ ನಿಂತಿತು, ಫ್ಯಾನು ಸೋತಿತು,
ಆಂಪ್ಲಿಫೈಯರಿನ ಕೆಂಪು ಕಣ್ಣು ಆರಿತು.
ಅವಳು ಬೆರಳು ನಿಲ್ಲಿಸಲಿಲ್ಲ. ಪೊಳ್ಳು ಮರ
ಈ ಅಂಗಡಿಗೆ ಸಾಕಾಗುವಷ್ಟು ತಾನೇ ಮಾತಾಡಿತು.
ಅದರ ಕೆಳಗೆ, ನನ್ನ ಎಡಗಿವಿಯಲ್ಲಿ,
ಗುಂಯ್.
ಹಾಗಾದರೆ ಅದು ಯಾವ ಪಿಕಪ್ಪಿನದೂ ಅಲ್ಲ.
ಹೋದ ವರ್ಷ ಡಾಕ್ಟರು ಹೇಳಿದ್ದು ಇದನ್ನೇ ಇರಬೇಕು.
ಮಷೀನು ಬಂದ್ ಮಾಡಿ ಕೇಳಿಸಿಕೊಳ್ಳಲು
ನನಗೆ ಪುರುಸೊತ್ತಾಗಿರಲಿಲ್ಲ.

"ಯಾವುದು ಅಂಕಲ್?"
ಸ್ಟೇಜಿಗೆ ಜೋಡಿಯದೇ ಸರಿ ಅಂದೆ. ನಿಜವನ್ನೇ ಅಂದೆ.
ಅವಳು ಸೋಪಿನ ಬಿಲ್ಲೆ ಎತ್ತಿಕೊಂಡಳು:
"ಉಗುರು ಕೇಳ್ತಿತ್ತಲ್ಲ, ಅದು ಬೇಕು ನಂಗೆ."
ಮತ್ತೆ ನನ್ನನ್ನು ಕೇಳಿದ್ದಾದರೂ ಯಾಕೋ.

ಸೀಳಿನೊಳಗೆ ಕೈ ಹೋಗಲ್ಲ. ಹೊಲಿಗೆ ದಾರಕ್ಕೆ
ವೈರಿನ ತುದಿ ಕಟ್ಟಿ, ಟಾರ್ಚು ಬಿಟ್ಟು,
ಒಳಗಿನ ಕತ್ತಲಲ್ಲಿ ಗಾಳ ಹಾಕಿದಂತೆ ಎಳೆಯಬೇಕು.
ತಿಮ್ಮೇಶ ಎರಡು ಸಲ ತಪ್ಪಿದ. ಮೂರನೆಯದಕ್ಕೆ ಸಿಕ್ಕಿತು.
ಬೆಸುಗೆಗೆ ಕರೆಂಟು ಬೇಕು.
ದಾರದ ತುದಿ ಹಿಡಿದು ಕೂತೆವು, ಮೂವರೂ.